ಮಗ್ಗದ ಮನೆಗೆ ಬಂದ ಎರಡು ಆಂಪ್ಲಿಫೈಯರು

ಕೆಲವರ ಮನೆ ಬಾಗಿಲಿಗೆ ಅದೃಷ್ಟ ಬರುತ್ತದಂತೆ, ಕೆಲವರ ಮನೆಗೆ ಬರೀ ನೆಂಟರು. ನನ್ನ ಹಣೆಯಲ್ಲಿ ಬರೆದಿರುವುದು ಸದ್ದು. ನಾನು ಎಲ್ಲಿಗೆ ಹೋದರೂ ಅದು ನನಗಿಂತ ಮುಂಚೆ ಹೋಗಿ ಚಾಪೆ ಹಾಸಿಕೊಂಡು ಕೂತಿರುತ್ತದೆ. ಅದರ ಬೆನ್ನಿಗೇ ಒಂದು ನಗೆಪಾಟಲೂ ಬಂದು ಪಕ್ಕದಲ್ಲಿ ಕೂರುತ್ತದೆ.

ಹುಟ್ಟಿದ್ದು ಕಲ್ಯಾಣದುರ್ಗದಲ್ಲಿ, ಶಾಮಿಯಾನ ಮತ್ತು ಮೈಕ್‌ಸೆಟ್ಟು ಬಾಡಿಗೆಗೆ ಕೊಡುವವರ ಮನೆಯಲ್ಲಿ. ಅಮ್ಮ ಅನ್ನುವುದಕ್ಕೆ ಮುಂಚೆಯೇ ನಾನು 'ಹಲೋ, ಹಲೋ' ಅಂದೆನಂತೆ. ಹತ್ತನೇ ಕ್ಲಾಸು ಮುಗಿಸಿ, ಕೆಲವು ವರ್ಷ ಮನೆಯಲ್ಲಿ ವೈರು ಸುತ್ತಿಕೊಂಡಿದ್ದೆ. ಆಮೇಲೆ ಮದುವೆ ಮಾಡಿ ಹಿಂದೂಪುರಕ್ಕೆ ಕಳಿಸಿದರು, ಸೋದರಮಾವನ ಮಗನಿಗೇ. ಚಿಕ್ಕಂದಿನಿಂದ ಬಾವ ಎಂದು ಕರೆದ ಬಾಯಿ, ಈಗಲೂ ಬಾವ ಎಂದೇ ಕರೆಯುತ್ತದೆ. ಆ ಮನೆಯ ಹಿಂದೆ ನಾಲ್ಕು ಪವರ್‌ಲೂಮು. ಪಾಳಿಯ ಮೇಲೆ ಹಗಲೂ ರಾತ್ರಿ ಕಟಕಟ. ಊಟಕ್ಕೋ ಟೀಗೋ ಎದ್ದಾಗ, ಕರೆಂಟು ಹೋದಾಗ ಬಿಟ್ಟರೆ ನಿಲ್ಲುವುದು ಅಮಾವಾಸ್ಯೆಯ ದಿನ ಮಾತ್ರ. ಅವತ್ತು ನೇಯುವವರ ಮನೆಯಲ್ಲಿ ಮಗ್ಗ ಮುಟ್ಟುವಂತಿಲ್ಲ. ಪೂಜೆ ಮಾಡಿ, ಹೂವಿಟ್ಟು, ಸುಮ್ಮನೆ ಬಿಡಬೇಕು.

ಈ ಸದ್ದಿನ ನಡುವೆಯೇ ನನ್ನ ಮಗ ಹುಟ್ಟಿದ. ಇನ್ನೂ ಹತ್ತು ತಿಂಗಳ ಕೂಸು. ಬೇರೆಯವರ ಮನೆಯಲ್ಲಿ 'ಮಗು ಮಲಗಿದೆ, ಸದ್ದು ಮಾಡಬೇಡಿ' ಎನ್ನುತ್ತಾರೆ. ನಮ್ಮಲ್ಲಿ 'ಮಗು ಮಲಗೈತೆ, ಮಗ್ಗ ನಿಲ್ಲಿಸ್ಬ್ಯಾಡ್ರಪ್ಪೋ' ಎನ್ನುತ್ತೇವೆ.

ಇಂಥ ಮನೆಗೆ ನನ್ನ ಗಂಡ ಸಂಗೀತ ಕೇಳಲು ಆಂಪ್ಲಿಫೈಯರು ತಂದ. ಒಂದಲ್ಲ, ಎರಡು.

ಒಟ್ಟು ಕುಟುಂಬ

ಬಾವ ಮಗ್ಗಕ್ಕೆ ಕೂರುವುದಿಲ್ಲ. ಮಾವ ನೇಯಿಸಿದ ರೇಷ್ಮೆ ಸೀರೆಗಳನ್ನು ಬೆಂಗಳೂರಿಗೆ ಒಯ್ದು ಮಾರುತ್ತಾನೆ. ಅಲ್ಲಿ ದುಬಾರಿ ಸಂಗೀತದ ಪೆಟ್ಟಿಗೆಗಳನ್ನು ಮಾರುವ ಅಂಗಡಿಯ ಯಜಮಾನರೊಬ್ಬರು ಅವನಿಗೆ ಪರಿಚಯ. ಅವರ ಮಗಳ ಮದುವೆ ಗೊತ್ತಾಯಿತು. ಇಡೀ ಮದುವೆಯ ಸೀರೆ ನಮ್ಮ ಮನೆಯಿಂದ ಎಂದು ಮಾತಾಯಿತು. ಸೀರೆಗೆ ಬದಲಾಗಿ ಏನು ಎಂದರೆ, ಬಾವ ಹೋಗಿ ಅಂಗಡಿಯ ಕಪಾಟಿನಲ್ಲಿದ್ದ ಎರಡು ಆಂಪ್ಲಿಫೈಯರಿನ ಮುಂದೆ, ಯಾವುದು ಎಂದು ತೋಚದೆ ನಿಂತುಬಿಟ್ಟ.

ಯಜಮಾನರು ಒಳ್ಳೆಯವರೇ. "ಎರಡನ್ನೂ ತಗೊಂಡು ಹೋಗಿ, ನಿಮ್ಮ ಮನೆಯಲ್ಲೇ ಕೇಳಿ. ಕೊನೇ ಸೀರೆ ತಗೊಳ್ಳೋಕೆ ಅಮಾವಾಸ್ಯೆ ಆದ ಮಾರನೇ ದಿನ ನಾನೇ ಬರ್ತೀನಿ. ಬೇಕಾದ್ದು ಇಟ್ಕೊಂಡು ಇನ್ನೊಂದು ವಾಪಸ್ ಕೊಡಿ" ಎಂದು ಕಾರಿಗೆ ಹಾಕಿಸಿದರು.

ಒಂದು ಗಾಜಿನ ವಾಲ್ವಿನದು. ಹಳೇ ರೇಡಿಯೋದೊಳಗೆ ಇರುತ್ತಿದ್ದಂಥ ಗಾಜಿನ ಬುರುಡೆಗಳು ಮೇಲೆ ಸಾಲಾಗಿ ನಿಂತು ಕೆಂಡದ ಹಾಗೆ ಹೊಳೆಯುತ್ತವೆ. ಇನ್ನೊಂದು ಟ್ರಾನ್ಸಿಸ್ಟರಿನದು. ಕಪ್ಪಗೆ, ಚೌಕಾಕಾರ, ಮುಖದ ಮೇಲೆ ಒಂದೇ ಒಂದು ಗುಂಡಿ. ಮೊದಲನೆಯದಕ್ಕೆ ಗಾಜಮ್ಮ, ಎರಡನೆಯದಕ್ಕೆ ಕರಿಯಣ್ಣ ಎಂದು ನಾನೇ ಹೆಸರಿಟ್ಟೆ. ಬಾವನಿಗೆ ಅಷ್ಟು ಹಿಡಿಸಲಿಲ್ಲ.

"ಇವು ಇಂಟಿಗ್ರೇಟೆಡ್ ಕಣೇ" ಎಂದ.

"ಹಂಗಂದ್ರೆ?"

"ಹಾಡಿನ ಸಣ್ಣ ಸದ್ದನ್ನ ಸರಿಮಾಡೋದು ಒಂದು ಪೆಟ್ಟಿಗೆ, ದೊಡ್ಡದು ಮಾಡೋದು ಇನ್ನೊಂದು. ಎರಡೂ ಒಂದೇ ಪೆಟ್ಟಿಗೇಲಿದ್ರೆ ಇಂಟಿಗ್ರೇಟೆಡ್."

"ಒಟ್ಟು ಕುಟುಂಬ ಅನ್ನು. ಒಳಗೆ ಜಗಳ ಇರಲ್ವಾ?"

ಬಾವ ತಲೆ ಕೆರೆದುಕೊಂಡ. "ಸ್ವಲ್ಪ ಇರತ್ತೆ. ಒಬ್ಬರ ಸದ್ದು ಇನ್ನೊಬ್ಬರಿಗೆ ತಾಕತ್ತೆ. ಅದಕ್ಕೇ ಭಾರೀ ಶ್ರೀಮಂತರು ಬೇರೆ ಬೇರೆ ಪೆಟ್ಟಿಗೇನೇ ಇಟ್ಕೊಳ್ಳೋದು."

"ನೋಡಿದೆಯಾ ಬಾವ. ಬೇರೆ ಮನೆ ಮಾಡೋಕೆ ಯಂತ್ರಕ್ಕೂ ದುಡ್ಡು ಬೇಕು."

ಅಡುಗೆಮನೆಯಿಂದ ಅತ್ತೆ ಇಣುಕಿ ನೋಡಿದರು. ನಾನು ಮಗುವನ್ನು ಎತ್ತಿಕೊಂಡು ಹೊರಗೆ ಹೋದೆ.

ಮಾವ ಮಾತ್ರ ನಗಲಿಲ್ಲ. "ಇಷ್ಟೂ ಸೀರೆ ನೇಯ್ದ ಕೈಗೆ ಒಂದು ಪೆಟ್ಟಿಗೆ ಬತ್ತೈತೆ ಅಂದ್ರೆ, ಅದು ಯಾಕೆ ಒಳ್ಳೇದು ಅಂತ ಮನೇಲಿ ಎಲ್ಲರೂ ಒಪ್ಪಬೇಕು ಕಣಪ್ಪ. ಒಪ್ಪಲಿಲ್ವಾ, ಎರಡೂ ವಾಪಸ್. ಸೀರೆಗೆ ದುಡ್ಡು ಇಸ್ಕೊಂಡು ಐದನೇ ಮಗ್ಗ ಹಾಕಾಣ."

ಮನೆಯವರೆಲ್ಲ ಒಂದೇ ಮಾತು ಒಪ್ಪಬೇಕಂತೆ! ನಮ್ಮ ಮನೆಯಲ್ಲಿ ಉಪ್ಪಿಟ್ಟಿಗೆ ಈರುಳ್ಳಿ ಹಾಕಬೇಕೋ ಬೇಡವೋ ಎಂಬುದೇ ನಾನು ಮದುವೆಯಾಗಿ ಬಂದಾಗಿನಿಂದ ತೀರ್ಮಾನವಾಗಿಲ್ಲ. ಬಾವನ ಮುಖ ಬಾಡಿತು. ಹದಿನೆಂಟರ ಹುಡುಗನಾಗಿದ್ದಾಗಿನಿಂದ ಅವನು ಆಸೆಪಟ್ಟ ಒಂದೇ ವಸ್ತು ಅದು. ನನ್ನನ್ನೂ ಆಸೆಪಟ್ಟಿದ್ದೆ ಅನ್ನುತ್ತಾನೆ, ಆದರೆ ನನಗೆ ಅಷ್ಟು ಸೀರೆ ಕೊಟ್ಟಿರಲಿಲ್ಲ.

ಮುಖ ನೋಡಬೇಡ, ಬೆನ್ನು ನೋಡು

ಮೊದಲ ಪರೀಕ್ಷೆ ಮಾವನದು. ಬಾವ ಸ್ಪೀಕರಿಗೆ ವೈರು ಸಿಕ್ಕಿಸಿ, ವೀಣೆಯ ಹಾಡೊಂದನ್ನು ಹುಡುಕುತ್ತಿದ್ದ. ಅಷ್ಟರಲ್ಲಿ ಮಾವ ಕರಿಯಣ್ಣನ ವೈರು ಕಿತ್ತು, ಇಬ್ಬರು ನೇಯುವವರನ್ನು ಕರೆದು, ಎತ್ತಿಸಿಕೊಂಡು ಹೋಗಿ ರೇಷ್ಮೆ ತೂಗುವ ತಕ್ಕಡಿಯ ಮೇಲೆ ಇಡಿಸಿದರು.

"ಅಪ್ಪಾ, ಅದು ಸಂಗೀತ! ಯಾರಾದ್ರೂ ತೂಗ್ತಾರಾ?"

"ಜರಿ ಸೀರೆ ತೂಗಲ್ವಾ? ಮಾಲು ಇದ್ರೆ ತೂಕ ಇರತ್ತೆ."

ಆಮೇಲೆ ಗಾಜಮ್ಮನನ್ನೂ ತೂಗಿಸಿದರು. ಕರಿಯಣ್ಣನೇ ಜಾಸ್ತಿ ತೂಗಿದ. ಮಾವ ಅಷ್ಟಕ್ಕೇ ಬಿಡಲಿಲ್ಲ. ಎರಡನ್ನೂ ಹಿಂದುಮುಂದು ತಿರುಗಿಸಿ, ಕನ್ನಡಕ ಹಾಕಿಕೊಂಡು ಬೆನ್ನಿನ ಕಡೆ ನೋಡುತ್ತಾ ಕೂತರು. ಸೀರೆ ಕೊಳ್ಳುವವರು ಸೆರಗು ನೋಡುತ್ತಾರೆ, ನೇಯುವವರು ಮಗ್ಗುಲು ತಿರುಗಿಸಿ ಹಿಂಬದಿ ನೋಡುತ್ತಾರೆ. ಎಳೆ ಜೋತುಬಿದ್ದಿದೆಯಾ, ಗಂಟು ಇದೆಯಾ, ಎಲ್ಲ ಅಲ್ಲೇ ಗೊತ್ತಾಗುವುದು. ವೈರು ಸಿಕ್ಕಿಸುವ ತೂತುಗಳನ್ನೂ ದಪ್ಪ ಹಿತ್ತಾಳೆ ತಿರುಪುಗಳನ್ನೂ ಒಂದೊಂದಾಗಿ ಸವರಿ ನೋಡಿದರು. ಹೊಸ ಸೊಸೆಯ ಜಡೆಯನ್ನು ಹಿಂದಿನಿಂದ ನೋಡುವ ಹೆಂಗಸರ ಥರ.

"ಕರೇದರ ಬೆನ್ನು ಚೆನ್ನಾಗೈತೆ. ಗಾಜಿಂದು ಬರೀ ಮುಖಕ್ಕೆ ಬಣ್ಣ ಹಚ್ಕೊಂಡೈತೆ" ಎಂದು ತೀರ್ಪು ಕೊಟ್ಟು ಎದ್ದರು.

ಬಾವ ಒಳಗೆ ಬಂದು ಪಿಸುಗುಟ್ಟಿದ. "ಇಂಟರ್ನೆಟ್ಟಲ್ಲಿ ದೊಡ್ಡ ದೊಡ್ಡೋರು ಬರೀತಾರಲ್ಲ, ಅವರೂ ಹಿಂಗೇ ಕಣೇ. ಮೊದಲು ತೂಕ ಬರೀತಾರೆ, ಆಮೇಲೆ ಹಿಂದಿನ ಫೋಟೋ ಹಾಕ್ತಾರೆ."

"ಹಾಡು ಯಾವಾಗ ಕೇಳ್ತಾರೆ?"

"ಕೊನೆಗೆ."

ಮಾವ ಕೊನೆಗೂ ಕೇಳಲಿಲ್ಲ. ದೊಡ್ಡ ದೊಡ್ಡೋರಿಗಿಂತ ಒಂದು ಹೆಜ್ಜೆ ಮುಂದೆ.

ಕಲ್ಯಾಣದುರ್ಗದ ವ್ಯಾಟು

ಈ ಗಲಾಟೆಯ ನಡುವೆ ನಾನು ಎರಡು ದಿನಕ್ಕೆಂದು ತವರಿಗೆ ಹೋದೆ. ಅಲ್ಲಿ ಮಗ್ಗ ಇಲ್ಲವಲ್ಲ, ಮಗ ಹೋದ ಸಲವೇ ಕಣ್ಣು ಮುಚ್ಚದೆ ಅತ್ತಿದ್ದ. ಅದಕ್ಕೆ ಈ ಸಲ ಬಾವ ತನ್ನ ಪುಟ್ಟ ರೆಕಾರ್ಡರನ್ನು ಮಗ್ಗದ ಪಕ್ಕ ಇಟ್ಟು, ಆ ಸದ್ದನ್ನೇ ತುಂಬಿಸಿ ನನ್ನ ಫೋನಿಗೆ ಹಾಕಿಕೊಟ್ಟಿದ್ದ.

ಮಧ್ಯಾಹ್ನ ತೊಟ್ಟಿಲ ಪಕ್ಕ ಫೋನಿಟ್ಟು ಹಾಕಿದೆ. ಟಿಕಟಿಕ ಅಂತು. ಯಾರೋ ಗೋಡೆಯ ಮೇಲಿನ ಹಲ್ಲಿಗೆ ಟೈಪಿಂಗ್ ಕಲಿಸಿದ ಹಾಗೆ. ಮಗ ಫೋನನ್ನು ನೋಡಿ ಇನ್ನೂ ಜೋರಾಗಿ ಅತ್ತ.

ಮೈಕ್‌ಸೆಟ್ಟಿನ ವ್ಯಾಪಾರ ಈಗ ನಮ್ಮಣ್ಣನದು. "ಇಷ್ಟೇ ತಾನೇ, ತಾ ಇಲ್ಲಿ" ಎಂದು ಫೋನನ್ನು ಕಿತ್ತುಕೊಂಡು, ವರಾಂಡದಲ್ಲಿದ್ದ ದೊಡ್ಡ ಆಂಪ್ಲಿಫೈಯರಿಗೆ ಸಿಕ್ಕಿಸಿದ. ಅದು ಮೆರವಣಿಗೆಗೆ ಕೊಡುವ ಮಾಲು. ಅಣ್ಣನಿಗೆ ಗೊತ್ತಿರುವುದು ಎರಡೇ ವಾಲ್ಯೂಮು, ಬಂದ್ ಮತ್ತು ಪೂರ್ತಿ. ಮಗ್ಗ ಶುರುವಾಯಿತು. ಗೋಡೆಯ ಕ್ಯಾಲೆಂಡರು ನೆಲಕ್ಕೆ ಬಿತ್ತು. ಮಗ ಹೆದರಿ ಬಾಯಿ ತೆರೆದವನು ಅಳುವುದನ್ನೇ ಮರೆತ.

ಎದುರುಮನೆಯ ತೆಲುಗಿನ ಅವ್ವ ಸೆರಗು ಸಿಕ್ಕಿಸಿಕೊಂಡು ಓಡಿ ಬಂದರು. "ಏಮೈಂದಿ ರಾ? ಬೋರು ವೇಸ್ತುನ್ನಾರಾ?" ಎಂದರು. ಬೋರ್‌ವೆಲ್ ಲಾರಿ ಬಂದಿದೆ ಎಂದುಕೊಂಡು ಕೈಯಲ್ಲಿ ಖಾಲಿ ಬಿಂದಿಗೆ ಬೇರೆ ತಂದಿದ್ದರು.

ಎರಡು ದಿನದ ತವರು ಒಂದೇ ದಿನಕ್ಕೆ ಮುಗಿಯಿತು. ಅಣ್ಣನೇ ತನ್ನ ಲಗೇಜ್ ಆಟೋದಲ್ಲಿ ನಮ್ಮನ್ನು ಹಿಂದೂಪುರಕ್ಕೆ ತಂದು ಬಿಟ್ಟ. ಬಂದವನು ಗಾಜಮ್ಮನನ್ನೂ ಕರಿಯಣ್ಣನನ್ನೂ ನೋಡಿದ. ವ್ಯಾಪಾರದವನ ಕಣ್ಣು.

"ಬಾವ, ಎಷ್ಟು ವ್ಯಾಟ್ಸು?"

ಬಾವ ಹೆಮ್ಮೆಯಿಂದ ಹೇಳಿದ. ಅಣ್ಣ ಕಿವಿ ಮುಂದೆ ಮಾಡಿದ. ಬಾವ ಇನ್ನೊಮ್ಮೆ, ಸ್ವಲ್ಪ ಮೆಲ್ಲಗೆ ಹೇಳಿದ.

"ನಮ್ಮ ಆಟೋ ಹಾರನ್ನೂ ಅದಕ್ಕಿಂತ ಜಾಸ್ತಿ ಇರಬೌದು" ಅಂದ ಅಣ್ಣ. "ಹೋಗ್ಲಿ, ಮೈಕು ಎಲ್ಲಿ ಸಿಕ್ಸದು?"

"ಮೈಕು ಸಿಕ್ಸಂಗಿಲ್ಲ."

"ಬಾಸು, ಟ್ರೆಬಲ್ಲು?"

"ಆ ಗುಂಡಿ ಇದ್ರೆ ಸದ್ದು ಕೆಡುತ್ತೆ ಅಂತ ಇಟ್ಟಿಲ್ಲ. ಹಾಡಿದೋರು ಹೆಂಗೆ ಹಾಡಿದ್ರೋ ಹಂಗೇ ಕೇಳಬೇಕು."

ಅಣ್ಣನಿಗೆ ಕರುಳು ಚುರುಕ್ ಎಂದಿತು. ನನ್ನನ್ನು ಪಕ್ಕಕ್ಕೆ ಕರೆದ. "ತಂಗೆಮ್ಮ, ಬಾವಂಗೆ ಯಾರೋ ಟೋಪಿ ಹಾಕ್ಬುಟ್ಟವ್ರೆ. ಮೈಕಿಲ್ಲ, ಬಾಸಿಲ್ಲ, ಲೈಟಿಲ್ಲ. ನಂದೊಂದು ಹಳೇದು ಐತೆ, ಹಬ್ಬಕ್ಕೆ ಬರೋವಾಗ ತತ್ತೀನಿ, ಸುಮ್ಕೆ ಇಟ್ಕೊಳ್ಳಿ. ಬಾವಂಗೆ ಹೇಳ್ಬ್ಯಾಡ, ಬೇಜಾರು ಮಾಡ್ಕೊತಾನೆ."

ಅತ್ತೆಯ ಅರ್ಧ ಗಂಟೆ

ಗಾಜಮ್ಮನ ಗುಣ ಹೇಳಬೇಕೆಂದರೆ, ದನಿ ಬಲು ಇಂಪು. ವೀಣೆ ಬಾರಿಸಿದರೆ ತಂತಿಗೆ ಬೆಣ್ಣೆ ಹಚ್ಚಿ ಬಾರಿಸಿದ ಹಾಗೆ. ಇದನ್ನು ನಾನೂ ಒಪ್ಪುತ್ತೇನೆ. ದೋಷವೆಂದರೆ ಸ್ವಿಚ್ಚು ಹಾಕಿದ ಕೂಡಲೇ ಹಾಡುವುದಿಲ್ಲ. ಬುರುಡೆಗಳು ಅರ್ಧ ಗಂಟೆ ಕಾಯಬೇಕು, ಆಮೇಲೇ ಅದರ ಪೂರ್ತಿ ದನಿ. ಕಾದ ಮೇಲೆ ಅದರ ಹತ್ತಿರ ಹೋದರೆ ಮುಖಕ್ಕೆ ಒಲೆಯ ಝಳ.

ಬುರುಡೆ ಮುಟ್ಟದಿರಲಿ ಎಂದು ಕಬ್ಬಿಣದ ಜಾಲರಿಯೊಂದನ್ನು ಕೊಟ್ಟಿದ್ದಾರೆ. ಬಾವ ಅದನ್ನು ತೆಗೆದಿಟ್ಟಿದ್ದ. ಜಾಲರಿ ತೆಗೆದರೆ ಸದ್ದು ಇನ್ನೂ ಬಿಚ್ಚಿಕೊಳ್ಳುತ್ತದಂತೆ.

"ನಿನ್ನ ಮಗ ಅಂಬೆಗಾಲಿಡ್ತಾನೆ, ಬಾವ. ಅವನು ಹೋಗಿ ಮುಟ್ಟಿದ್ರೆ ಅವನ ಸದ್ದು ಬಿಚ್ಚಿಕೊಳ್ಳುತ್ತೆ" ಎಂದು ನಾನೇ ಜಾಲರಿ ಹಾಕಿದೆ. ನನ್ನ ಮತ ಅವತ್ತೇ ಕರಿಯಣ್ಣನಿಗೆ ಬಿತ್ತು.

ಆ ವಾರ ಮೋಡ ಮುಚ್ಚಿಕೊಂಡಿತ್ತು. ಮಗುವಿನ ಒಂದು ಬಟ್ಟೆಯೂ ಒಣಗದು. ಒಂದು ಸಂಜೆ ಬಾವ ಗಾಜಮ್ಮನನ್ನು ಹಚ್ಚಿ, ಕಾಯಲಿ ಎಂದು ಬಿಟ್ಟು, ಸ್ನಾನ ಮಾಡಿ, ಒಗೆದ ಪಂಚೆ ಉಟ್ಟು ಬಂದ. ಸಂಗೀತಕ್ಕೆ ಮರ್ಯಾದೆ ಕೊಡಬೇಕಂತೆ. ಬಂದು ನೋಡಿದರೆ ಜಾಲರಿಯ ಹಿಂದಿನ ಗೋಡೆಗೆ ಹಗ್ಗ ಕಟ್ಟಿದೆ. ಹಗ್ಗದ ಮೇಲೆ ಮಗನ ಕೆಳಬಟ್ಟೆಗಳು ಸಾಲಾಗಿ, ತೋರಣದ ಹಾಗೆ.

"ಅಮ್ಮಾ! ಇದೇನಿದು?"

"ಅರ್ಧ ಗಂಟೆ ಸುಮ್ಕೆ ಉರೀತೈತಲ್ಲಪ್ಪ" ಎಂದರು ಅತ್ತೆ. "ನೀನು ಹಾಡು ಕೇಳು, ನಾನು ಬಟ್ಟೆ ತಿರುವಿ ಹಾಕ್ತೀನಿ. ಇದು ಬಾಳ ಒಳ್ಳೇ ಮಿಷನ್ನು. ಇದನ್ನೇ ಇಟ್ಕಳಾಣ."

ಬಾವನಿಗೆ ಮೊದಲ ಬೆಂಬಲ ಸಿಕ್ಕಿತು. ಅಳಬೇಕೋ ನಗಬೇಕೋ ತಿಳಿಯದೆ ವೀಣೆ ಹಾಕಿದ. ಅವತ್ತು ಕಲ್ಯಾಣಿ ರಾಗಕ್ಕೆ ಬಂದ ವಾಸನೆ, ಆ ರಾಗಕ್ಕೆ ಹಿಂದೆಂದೂ ಬಂದಿರಲಾರದು.

ಕರಿಯಣ್ಣನ ಮುನಿಸು

ಹಾಗೆಂದು ಕರಿಯಣ್ಣನೇನು ಸಾಧು ಅಲ್ಲ. ದನಿ ಖಡಕ್ಕು. ಮೃದಂಗದ ಏಟು ಏಟಿನ ಹಾಗೇ ಬೀಳುತ್ತದೆ. ಸ್ವಿಚ್ಚು ಹಾಕಿದರೆ ಆಗಲೇ ತಯಾರು, ಬಿಸಿಯೂ ಇಲ್ಲ. ಆದರೆ ಅಭಿಮಾನಿ. ಕರೆಂಟು ಸ್ವಲ್ಪ ಏರುಪೇರಾದರೆ ಟಕ್ ಎಂದು ತಾನೇ ಆಫ್ ಆಗಿ, ಒಂದು ಕೆಂಪು ದೀಪ ಮಿಣುಕಿಸುತ್ತಾ ಕೂರುತ್ತದೆ. ನಮ್ಮ ಮನೆಯಲ್ಲೋ, ಊಟ ಮುಗಿಸಿ ಬಂದವರು ನಾಲ್ಕೂ ಮಗ್ಗದ ಸ್ವಿಚ್ಚನ್ನು ಒಟ್ಟಿಗೆ ಹಾಕಿದರೆ ಬಲ್ಬು ಕೂಡ ಕಣ್ಣು ಕಿರಿದು ಮಾಡುತ್ತದೆ.

"ಯಾಕಪ್ಪ ನಿಂತೋಯ್ತು?" ಎಂದರು ಮಾವ.

"ತನ್ನನ್ನ ತಾನು ಕಾಪಾಡ್ಕೊಳ್ತಾ ಐತೆ ಅಪ್ಪ. ಒಳಗೆ ಹಂಗೇ ಮಾಡಿರ್ತಾರೆ."

"ಒಂದು ಮಾತಂದ್ರೆ ಬಾಗಿಲು ಹಾಕ್ಕೊಂಡು ಕೂತ್ಕೊಳ್ಳದು. ಸೊಸೆ ಥರ ಅನ್ನು."

ನಾನು ಅಲ್ಲೇ ಮಗುವಿಗೆ ರಾಗಿಗಂಜಿ ತಿನ್ನಿಸುತ್ತಿದ್ದೆ. "ಹೌದು ಮಾವ. ಅದಕ್ಕೂ ನಾಲ್ಕು ಮಗ್ಗದ ಕೆಲಸ ಒಟ್ಟಿಗೆ ಬೀಳುತ್ತೆ ನೋಡಿ" ಎಂದೆ.

ಮಾವ ಅವತ್ತಿನಿಂದ ಮಗ್ಗಗಳನ್ನು ಒಂದೊಂದಾಗಿ ಹಾಕಿಸುತ್ತಾರೆ. ಕರಿಯಣ್ಣನಿಗೋ, ನನಗೋ, ಕೇಳಲು ಹೋಗಿಲ್ಲ.

ಇಲ್ಲದ ಘಟ

ಲೆಕ್ಕ ಹೀಗಾಯಿತು. ಮಾವ ಮತ್ತು ನಾನು ಕರಿಯಣ್ಣನ ಕಡೆ, ಬಾವ ಮತ್ತು ಅತ್ತೆ ಗಾಜಮ್ಮನ ಕಡೆ. ಹೀಗೇ ಇದ್ದರೆ ಎರಡೂ ವಾಪಸ್. ಬಾವ ಯೋಚನೆ ಮಾಡಿ, ಪೆಟ್ಟಿಗೆಗಳ ಗುಣದೋಷ ಬಲ್ಲವರೊಬ್ಬರನ್ನು ಕರೆಸಿದ. ಲೇಪಾಕ್ಷಿ ಕಡೆಯ ನಿವೃತ್ತ ಮೇಷ್ಟ್ರು, ಸಂಗೀತದ ಹುಚ್ಚು. ಬಸ್ಸಿನಲ್ಲಿ ಬಂದಿಳಿದು, ಕಾಲು ತೊಳೆದು, ಕುರ್ಚಿಯಲ್ಲಿ ಕೂತು, ಕಣ್ಣು ಮುಚ್ಚಿದರು.

ಮೊದಲು ಗಾಜಮ್ಮ. "ಬಾಗುಂದಿ, ಬಾಗುಂದಿ. ಮಾಧುರ್ಯ ಇದೆ" ಎಂದರು. ಆಮೇಲೆ ಅದೇ ವೀಣೆ, ಕರಿಯಣ್ಣನಲ್ಲಿ. ಮೇಷ್ಟ್ರು ಬೆನ್ನು ನೆಟ್ಟಗೆ ಮಾಡಿ ಕೂತರು.

"ಆಹಾ! ಇದರಲ್ಲಿ ಸ್ಪಷ್ಟತೆ ನೋಡಿ. ಎದುರಿಗೆ ವೀಣೆ. ಬಲಕ್ಕೆ ಮೃದಂಗ. ಹಿಂದೆ, ಬಲು ಹಿಂದೆ, ಘಟ ಬಾರಿಸ್ತಾ ಇದ್ದಾರಲ್ಲ, ಅದು ಆ ಗಾಜಿನದರಲ್ಲಿ ಕೇಳಿಸಲೇ ಇಲ್ಲ!"

ಬಾವ ಬೆರಗಾಗಿ ನನ್ನನ್ನು ನೋಡಿದ. ಆ ಹಾಡಿನಲ್ಲಿ ಘಟ ಇಲ್ಲ. ಅಷ್ಟರಲ್ಲಿ ಹಿಂದಿನ ಬಾಗಿಲಿಂದ ಅತ್ತೆ "ಟೀ ಕುಡ್ಕಂಡು ಹೋಗ್ರಪ್ಪೋ" ಎಂದು ಕೂಗಿದರು. ಮಗ್ಗಗಳು ನಿಂತವು.

"ನೋಡಿದ್ರಾ?" ಮೇಷ್ಟ್ರು ಕಣ್ಣು ತೆರೆಯದೇ ಬೆರಳೆತ್ತಿದರು. "ಘಟದವರು ಎಷ್ಟು ಸಂಯಮದಿಂದ ಬಿಟ್ಟುಕೊಟ್ರು! ವೀಣೆ ಒಂದೇ ಮಾತಾಡಲಿ ಅಂತ."

ಟೀ ಮುಗಿಯಿತು. ಮಗ್ಗ ಶುರುವಾಯಿತು.

"ಆಹಾ, ಮತ್ತೆ ಸೇರಿಕೊಂಡ್ರು!"

ಮೇಷ್ಟ್ರನ್ನು ಬಸ್ಸು ಹತ್ತಿಸಿ ಬಂದ ಬಾವ ತಲೆಯ ಮೇಲೆ ಕೈಹೊತ್ತು ಕೂತ. "ಈ ಮನೇಲಿ ಮಗ್ಗ ನಿಲ್ಲದೆ ಯಾವ ಪೆಟ್ಟಿಗೇದೂ ನಿಜವಾದ ಸದ್ದು ಗೊತ್ತಾಗಲ್ಲ ಕಣೇ. ಊಟಕ್ಕೆ, ಟೀಗೆ ನಿಂತ್ರೂ ಒಂದು ಹಾಡು ಮುಗಿಯೋದ್ರೊಳಗೆ ಶುರು. ಪೂರ್ತಿ ನಿಲ್ಲೋದು ಕರೆಂಟು ಹೋದಾಗ. ಕರೆಂಟು ಹೋದ್ರೆ ಇವೂ ಹಾಡಲ್ಲ."

"ಅಮಾಸೆ ಐತಲ್ಲ ಬಾವ."

ಬಾವ ನನ್ನನ್ನು ಮದುವೆಯ ದಿನ ನೋಡಿದ್ದಕ್ಕಿಂತ ಹೆಚ್ಚು ಪ್ರೀತಿಯಿಂದ ನೋಡಿದ.

ಘಟದವರಿಗೆ ಮಾತ್ರ ಮೇಷ್ಟ್ರು ಬಸ್ಸಿನ ಕಿಟಕಿಯಿಂದಲೇ ಒಂದು ನಮಸ್ಕಾರ ಹೇಳಿ ಕಳಿಸಿದ್ದರು. ಮಾವನಿಗೆ ತಲುಪಿಸಿದೆ.

ಅಮಾವಾಸ್ಯೆ

ಅಮಾವಾಸ್ಯೆ ಬಂತು. ಬೆಳಗ್ಗೆಯೇ ಮಾವ ಮಗ್ಗಗಳಿಗೆ ಕುಂಕುಮ ಇಟ್ಟು, ಹೂವು ಮುಡಿಸಿ, ಕಾಯಿ ಒಡೆದು, ತಿಂಡಿ ತಿಂದು ಒಳಗಿನ ಕೋಣೆಯಲ್ಲಿ ಮಲಗಿದರು. ಮನೆ ಗಪ್‌ಚಿಪ್. ಕರೆಂಟು ಇದೆ, ಮಗ್ಗ ಇಲ್ಲ. ವೋಲ್ಟೇಜು ನೆಟ್ಟಗಿದೆ, ಕರಿಯಣ್ಣ ಮುನಿಯುವ ಹಾಗಿಲ್ಲ. ಗಾಜಮ್ಮನನ್ನು ಬಾವ ಮುಂಚೆಯೇ ಕಾಯಿಸಿಟ್ಟಿದ್ದ. ನಾಳೆ ಯಜಮಾನರು ಬರುತ್ತಾರೆ. ಇವತ್ತು ಒಂದು ತೀರ್ಮಾನ ಆಗದಿದ್ದರೆ ಮುಂದಿನ ವಾರ ಐದನೇ ಮಗ್ಗ.

ಅತ್ತೆಯನ್ನು ಕರೆದು ಕೂರಿಸಿದ. ನನ್ನನ್ನು ಕೂರಿಸಿದ. ವೀಣೆಯ ಮೊದಲ ಮೀಟು ಬಿತ್ತು.

ತೊಟ್ಟಿಲಲ್ಲಿ ಮಗ ಎದ್ದು ಕೂತ.

ಮಗ್ಗ ಇಲ್ಲದ ಮನೆ ಅವನಿಗೆ ಮನೆಯೇ ಅಲ್ಲ. ಒಂದು ಸಲ ಸುತ್ತಲೂ ನೋಡಿ, ಬಾಯಿ ಚೌಕ ಮಾಡಿ, ರಾಗ ತೆಗೆದ. ವೀಣೆ ಮುಳುಗಿತು, ಮೃದಂಗ ಮುಳುಗಿತು. ಎತ್ತಿಕೊಂಡೆ, ತಟ್ಟಿದೆ, ತೂಗಿದೆ. ಅತ್ತೆ ಗಿಲಕಿ ಆಡಿಸಿದರು. ಬಾವ ಒಂದು ಪೆಟ್ಟಿಗೆ ನಿಲ್ಲಿಸಿ ಇನ್ನೊಂದು ಹಾಕಿದ. ಎರಡರಲ್ಲೂ ಒಂದೇ ಕಲಾವಿದ, ನನ್ನ ಮಗ.

"ತಿಂಗಳಿಗೊಂದು ದಿನ ಕಣೇ" ಎಂದ ಬಾವ. ಅವನ ದನಿಯೂ ಮಗನ ದನಿಯ ಕಡೆಗೇ ತಿರುಗುತ್ತಿತ್ತು. "ಒಂದೇ ದಿನ."

ನನಗೂ ಪಾಪ ಅನ್ನಿಸಿತು. ಆದರೆ ಬಾಯಿಗೆ ಬಂದದ್ದು ಬೇರೆ. "ನಿನ್ನ ವೀಣೆ ಮೂಲೆಗಿಡು ಬಾವ. ನಿನ್ನ ಮಗ ಕೇಳ್ತಿರೋದನ್ನ ಹಾಕು" ಎಂದು ಫೋನನ್ನು ಅವನ ಕೈಗೆ ತುರುಕಿದೆ. ಕಲ್ಯಾಣದುರ್ಗಕ್ಕೆ ಕೊಟ್ಟು ಕಳಿಸಿದ್ದ ಅದೇ ಮಗ್ಗದ ಸದ್ದು.

ಮೊದಲು ಗಾಜಮ್ಮನಿಗೆ ಸಿಕ್ಕಿಸಿದ. ಅವನ ಮನಸ್ಸು ಎಲ್ಲಿದೆಯೋ ಕೈ ಅಲ್ಲಿಗೇ ಹೋಗುತ್ತದೆ. ಮಗ್ಗ ಶುರುವಾಯಿತು. ಏನು ಹೇಳಲಿ, ಮಗ್ಗ ಹಾಡುತ್ತಿತ್ತು! ಬಡಿತದ ಮೂಲೆಗಳೆಲ್ಲ ನಯವಾಗಿ, ಲಾಳಿ ಅತ್ತಿಂದಿತ್ತ ಹಂಸದ ಹಾಗೆ ತೇಲಾಡುತ್ತಿತ್ತು. ಇಂಥ ಮಗ್ಗ ಇದ್ದಿದ್ದರೆ ನಾನೂ ನೇಯುತ್ತಿದ್ದೆ. ಮಗ ಅಳು ನಿಲ್ಲಿಸಿ ಕೇಳಿದ. ಹುಬ್ಬು ಗಂಟಿಕ್ಕಿದ. ಅಂಗಡಿಯವನು ನಕಲಿ ಜರಿ ತೋರಿಸಿದರೆ ಅವರ ತಾತ ಮಾಡುವ ಮುಖ, ಅದೇ ಮುಖ. ಮತ್ತೆ ಬಾಯಿ ಚೌಕ ಮಾಡಿದ.

ಬಾವ ವೈರು ಕಿತ್ತು ಕರಿಯಣ್ಣನಿಗೆ ಸಿಕ್ಕಿಸಿದ.

ಕಟ್, ಕಟ್, ಕಟಕಟ ಕಟಕಟ. ಏಟೆಂದರೆ ಏಟು. ಮರಕ್ಕೆ ಮರ ತಾಕಿದ್ದು, ಕಬ್ಬಿಣ ಕಿರುಗುಟ್ಟಿದ್ದು, ಮಧ್ಯೆ ಯಾರೋ ಕೆಮ್ಮಿದ್ದು, ಎಲ್ಲ ಇದ್ದದ್ದು ಇದ್ದ ಹಾಗೆ. ನಾನೇ ಒಂದು ಸಲ ಹಿಂದಿನ ಬಾಗಿಲ ಕಡೆ ತಿರುಗಿ ನೋಡಿದೆ. ಮಗನ ಅಳು ಅರ್ಧಕ್ಕೆ ನಿಂತಿತು. ರೆಪ್ಪೆ ಒಂದು ಸಲ ಇಳಿಯಿತು, ಎರಡು ಸಲ ಇಳಿಯಿತು. ತಲೆ ನನ್ನ ಭುಜಕ್ಕೆ ಬಿತ್ತು.

ಅಷ್ಟರಲ್ಲಿ ಒಳಗಿನ ಕೋಣೆಯಲ್ಲಿ ಮಂಚ ಕಿರ್ರೆಂದಿತು.

"ಯಾವನ್ಲಾ ಅವ್ನು! ಅಮಾಸೆ ದಿನ ಮಗ್ಗ ಹಾಕಿರೋನು!"

ಮಾವ ಪಂಚೆ ಎತ್ತಿ ಕಟ್ಟಿಕೊಂಡು, ಮೂಲೆಯ ಕೋಲು ತೆಗೆದುಕೊಂಡು, ಹಿಂದಿನ ಬಾಗಿಲಿಂದ ಮಗ್ಗದ ಮನೆಗೆ ನುಗ್ಗಿದರು. ನಾಲ್ಕೂ ಮಗ್ಗ ಹೂವು ಮುಡಿದುಕೊಂಡು ಸುಮ್ಮನೆ ನಿಂತಿವೆ. ಒಂದೊಂದನ್ನೂ ಮುಟ್ಟಿ ನೋಡಿದರಂತೆ. ಅಲ್ಲಾಡುತ್ತಿಲ್ಲ. ಸದ್ದು ಮಾತ್ರ ಬರುತ್ತಲೇ ಇದೆ.

"ಲೇ ಇವಳೇ!" ಎಂದು ಅತ್ತೆಯನ್ನು ಕೂಗಿದರು. ಆ ದನಿಯಲ್ಲಿ ಕೋಪ ಕಮ್ಮಿಯಾಗಿ ಬೇರೇನೋ ಸೇರಿತ್ತು. "ಮಗ್ಗ ನಿಂತೈತೆ, ಸದ್ದು ಬತ್ತೈತೆ!"

ಅತ್ತೆ ನನ್ನ ಪಕ್ಕದಲ್ಲೇ ಕೂತು, ಕಣ್ಣಾರೆ ಎಲ್ಲ ನೋಡಿದವರು. ಆದರೂ ಮೂವತ್ತು ವರ್ಷದಲ್ಲಿ ಮೊದಲ ಸಲ ಗಂಡ ಹೆದರಿದ್ದಾನೆ, ಅಂಥ ಸಮಯ ಬಿಡುತ್ತಾರಾ? ಕೂತಲ್ಲಿಂದಲೇ ಕೂಗಿ ಹೇಳಿದರು. "ಅಮ್ಮೋರೇ ಬಂದು ನೇಯ್ತಾವಳೆ ಕಣ್ರೀ! ಹೋದ ಅಮಾಸೆಗೆ ಸಿಹಿ ಮಾಡ್ಬ್ಯಾಡ ಅಂದ್ರಲ್ಲ, ಅದಕ್ಕೇ! ಕೈ ಮುಗೀರಿ!"

ಕೋಲು ನೆಲಕ್ಕೆ ಬಿದ್ದ ಸದ್ದು ಕೇಳಿಸಿತು. ಮಾವ ಕೈ ಮುಗಿದರೋ ಇಲ್ಲವೋ ಅವರಿಗೇ ಗೊತ್ತು. ಮೆಲ್ಲಗೆ ಮುಂದಿನ ಕೋಣೆಗೆ ಬಂದು ಇಣುಕಿದರು. ಬಾವ ತುಟಿಯ ಮೇಲೆ ಬೆರಳಿಟ್ಟು "ಶ್!" ಎಂದ. ಆ ಮನೆಯಲ್ಲಿ ಯಾರಾದರೂ 'ಶ್' ಎಂದದ್ದು ಅದೇ ಮೊದಲು.

ಮಾವ ಮೊಮ್ಮಗನನ್ನು ನೋಡಿದರು. ಸ್ಪೀಕರುಗಳನ್ನು ನೋಡಿದರು. ಹೋಗಿ ಅವುಗಳ ಎದುರಿಗೆ ನಿಂತು, ಕತ್ತು ವಾರೆ ಮಾಡಿ ಕೇಳಿದರು.

"ಇದು ನಮ್ಮದೇ ಕಣ್ಲಾ" ಎಂದರು ಪಿಸುದನಿಯಲ್ಲಿ.

"ನಮ್ಮದೇ ಅಪ್ಪ."

"ಕೆಮ್ಮಿದ್ದು ನಾನಾ?"

"ನೀನೇ."

ಮಾವ ಅಲ್ಲೇ ನೆಲದ ಮೇಲೆ ಕೂತರು. ಹಾಡು ಕೇಳದ ಮನುಷ್ಯ, ತಮ್ಮ ಕೆಮ್ಮು ಇನ್ನೊಂದು ಸಲ ಬರುವವರೆಗೆ ಕಾದು, ತಲೆದೂಗಿದರು.

ಅತ್ತೆ ಮಗುವಿನ ಮುಖ ನೋಡಿ ಪಕ್ಷ ಬದಲಾಯಿಸಿದರು. "ಬಟ್ಟೆ ಏನು, ಬಿಸಿಲಿಗೆ ಒಣಗ್ತಾವೆ. ಇದೇ ಇರ್ಲಿ."

ಉಳಿದವನು ಬಾವ ಒಬ್ಬನೇ. ಗಾಜಮ್ಮ ಅವನ ಎದುರಿಗೇ ಹೊಳೆಯುತ್ತಿದ್ದಳು, ಒಳಗೆ ಇನ್ನೂ ಕೆಂಡ. ಅವನು ಅದನ್ನು ನೋಡಿದ, ಮಗನನ್ನು ನೋಡಿದ, ಆಮೇಲೆ ಕೈ ಚಾಚಿ ಅದರ ಸ್ವಿಚ್ಚು ಆರಿಸಿದ. ಬುರುಡೆಗಳು ಒಂದೊಂದಾಗಿ ಮಂಕಾಗುವವರೆಗೆ ಅಲ್ಲೇ ಕೂತಿದ್ದ. ಅವತ್ತು ನಾನು ಅವನನ್ನು ಆಡಿಕೊಳ್ಳಲಿಲ್ಲ. ಟೀ ಮಾಡಿ ಕೊಟ್ಟೆ.

ಮಗ ಸಂಜೆಯವರೆಗೆ ಮಲಗಿದ. ಸಂಜೆಯವರೆಗೆ ಕರಿಯಣ್ಣ ಮಗ್ಗ ಓಡಿಸಿದ. ಹೀಗಾಗಿ ನಮ್ಮ ಮನೆಯಲ್ಲಿ ಸಂಗೀತ ಕೇಳಲು ಇದ್ದದ್ದು ತಿಂಗಳಿಗೊಂದೇ ದಿನ, ಆ ದಿನವೂ ಕರಿಯಣ್ಣನಿಗೆ ಹಾಡಲು ಬಿಡುವಿಲ್ಲ.

ಮಾರನೇ ದಿನ ಅಂಗಡಿಯ ಯಜಮಾನರು ಬೆಂಗಳೂರು ಹೆದ್ದಾರಿಯ ಕೊಡಿಕೊಂಡ ಚೆಕ್‌ಪೋಸ್ಟಿನಿಂದ ಫೋನು ಮಾಡಿ, ಸ್ವಲ್ಪ ಹೊತ್ತಿಗೆ ಮನೆಗೆ ಬಂದರು. ಗಾಜಮ್ಮನನ್ನು ಹುಷಾರಾಗಿ ಕಟ್ಟಿ, ಕೊನೆಯ ಸೀರೆಯ ಜೊತೆ ಕಾರಿಗೆ ಹಾಕಿದೆವು. ಯಜಮಾನರು ಕಾಫಿ ಲೋಟ ಹಿಡಿದು ಬಾವನ ಕಡೆ ಬಗ್ಗಿದರು.

"ಎಲ್ಲರೂ ವಾಲ್ವಿಂದೇ ಇಷ್ಟಪಡ್ತಾರೆ. ನೀವು ಇದನ್ನ ಆರಿಸಿದ್ರಿ ಅಂದ್ರೆ ಬಲು ಸೂಕ್ಷ್ಮ ಕಿವಿ ನಿಮ್ದು. ಯಾವ ಸಂಗೀತ ಹಾಕಿ ಪರೀಕ್ಷೆ ಮಾಡಿದ್ರಿ?"

ಬಾವ ನನ್ನ ಮುಖ ನೋಡಿದ. ನಾನು ಸೂರು ನೋಡಿದೆ. ಮಾವ ಮುಂದೆ ಬಂದರು.

"ಸಂಗೀತದ್ದು ನಂಗೆ ಗೊತ್ತಿಲ್ಲ ಸ್ವಾಮಿ. ಮಗ್ಗ ಮಾತ್ರ ಬಾಳ ಚೆನ್ನಾಗಿ ಓಡ್ತೈತೆ. ತೂಕ ಐತೆ, ಬೆನ್ನು ಐತೆ, ಸದ್ದು ಪಕ್ಕಾ. ಒಂದೇ ಒಂದು ಕುಂದು" ಎಂದು ಗಂಟಲು ಸರಿಮಾಡಿಕೊಂಡರು. "ನಿನ್ನೆ ಸಾಯಂಕಾಲದ ತಂಕ ಓಡಿಸಿದ್ವಿ, ಒಂದು ಗೇಣು ಸೀರೆ ಬರ್ಲಿಲ್ಲ."